ಐದು ಎಡಕ್ಕೆ, ನಾಲ್ಕು ಬಲಕ್ಕೆ

ಹತ್ತು ತಲೆಯ ರಾಕ್ಷಸನ ವೇಷ ಕಟ್ಟಿದವರಿಗೆ ಮಾತ್ರ ಗೊತ್ತಾಗುವ ಒಂದು ಫಜೀತಿಯಿದೆ. ನಡುವಿನ ತಲೆ ನಮ್ಮದೇ, ಅದನ್ನು ಮಾಡುವ ಶ್ರಮವಿಲ್ಲ. ಉಳಿಯುವುದು ಒಂಬತ್ತು. ಒಂಬತ್ತನ್ನು ಎರಡು ಭುಜಕ್ಕೆ ಸಮನಾಗಿ ಹಂಚಲು ಬ್ರಹ್ಮನಿಂದಲೂ ಆಗುವುದಿಲ್ಲ. ಒಂದು ಕಡೆ ಐದು ಬರುತ್ತದೆ, ಇನ್ನೊಂದು ಕಡೆ ನಾಲ್ಕು. ಕ್ಯಾಲೆಂಡರಿನ ಚಿತ್ರದಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ಚಿತ್ರಕ್ಕೆ ತೂಕವಿಲ್ಲ. ಹೊತ್ತು ನಿಂತವರ ಕುತ್ತಿಗೆ ಮಾತ್ರ ಎಣಿಸುತ್ತದೆ.

ಈ ಮಾತನ್ನು ನಾನು ನಮ್ಮ ಭಾವನಿಗೆ ಮೊದಲೇ ಹೇಳಿದ್ದೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಹನೂರಿನಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿಯಿದೆ. ಗೇಟು, ಕಿಟಕಿಯ ಗ್ರಿಲ್ಲು, ದನದ ಕೊಟ್ಟಿಗೆಗೆ ಶೀಟು ಹೊದಿಸುವ ಕಂಬ, ಇವೆಲ್ಲ ಅವರ ಕೆಲಸ. ಕೆಲಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅವರಿಗೆ ಒಂದು ಚಟ. ಹೆಂಗಸೊಬ್ಬಳು ಎದುರು ನಿಂತು ಅಳತೆ ಹೇಳಿದರೆ ಆ ಅಳತೆ ಅವರ ಕಿವಿಯೊಳಗೆ ಇಳಿಯುವುದೇ ಇಲ್ಲ.

ನಾನು ಕೊಳ್ಳೇಗಾಲದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ನಾಟಕದ ತಂಡ ಕಟ್ಟಿಕೊಂಡಿದ್ದೇವೆ. ಪೌರಾಣಿಕ ನಾಟಕ, ಗಂಡು ಪಾತ್ರಗಳೂ ನಮ್ಮವೇ. ಕಲಿಸುವವರು ಒಬ್ಬ ಹಾರ್ಮೋನಿಯಂ ಮೇಷ್ಟ್ರು, ನಮ್ಮ ತಂಡಕ್ಕೆಲ್ಲ ಅವರೊಬ್ಬರೇ ಗಂಡಸು. ಗಂಡಸರ ನಾಟಕದ ಹಾಗೆ ಬೆಳಗಿನವರೆಗೆ ಆಡಿದರೆ ನಮಗೆ ನಡೆಯುವುದಿಲ್ಲ, ಮನೆಗೆ ಹೋಗಿ ಸಾರಿಗೆ ಇಡಬೇಕು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿ, ಕೊನೆಯ ಬಸ್ಸಿಗೆ ಮುಂಚೆ ರಾಕ್ಷಸನನ್ನು ಕೊಂದು ಮುಗಿಸುತ್ತೇವೆ. ನನ್ನ ಗಂಟಲು ದೊಡ್ಡದೆಂದು ಆ ರಾಕ್ಷಸ ದೊರೆಯ ಪಾತ್ರ ನನಗೆ ಬಂತು.

ತಲೆಗಳನ್ನು ನಾನೇ ಮಾಡಿದೆ. ಹಳೆಯ ಪೇಪರನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ತೆಂಗಿನಕಾಯಿಯ ಮೇಲೆ ಮೆತ್ತಿ ಒಣಗಿಸಿ ಬಿಡಿಸಿಕೊಂಡೆ. ಮೂಗು, ಹುಬ್ಬು, ಮೀಸೆ ಎಲ್ಲ ಆಮೇಲೆ ಅಂಟಿಸಿದ್ದು. ಒಂಬತ್ತೂ ಒಂದೇ ಮುಖವಲ್ಲ. ಒಬ್ಬ ಸಿಡುಕ, ಒಬ್ಬ ನಿದ್ದೆಗಣ್ಣಿನವನು, ಒಬ್ಬ ನಮ್ಮ ರೇಷನ್ ಅಂಗಡಿಯವನ ಹಾಗೆಯೇ ಇದ್ದ. ಅವನ್ನು ನನ್ನ ಹೆಗಲ ಮೇಲೆ ಸಾಲಾಗಿ ನಿಲ್ಲಿಸಲು ಒಂದು ಲೋಹದ ಕಟ್ಟು ಬೇಕಿತ್ತು. ಅದಕ್ಕಾಗಿ ತಲೆಗಳನ್ನು ಚೀಲದಲ್ಲಿ ತುಂಬಿಕೊಂಡು ಹನೂರಿಗೆ ಹೋದೆ. ಮನೆಯಲ್ಲೇ ವೆಲ್ಡಿಂಗಿನವರು ಇರುವಾಗ ಬೇರೆಯವರ ಹತ್ತಿರ ಹೋದರೆ ಅದಕ್ಕೂ ಒಂದು ಮಾತು ಬರುತ್ತದಲ್ಲ.

"ಭಾವ, ಎಡಕ್ಕೆ ಐದು ಬತ್ತವೆ, ಬಲಕ್ಕೆ ನಾಕು. ಐದಿರೋ ಕಡೆ ಒತ್ತೊತ್ತಾಗಿ ನಿಲ್ಸಿ, ನಾಕಿರೋ ಕಡೆ ಸ್ವಲ್ಪ ದೂರ ದೂರ. ಇಲ್ದಿದ್ರೆ ವಾಲ್ಕತದೆ" ಎಂದೆ.

ಭಾವ ವೆಲ್ಡಿಂಗಿನ ಕನ್ನಡಕ ಹಣೆಗೆ ಏರಿಸಿ, ನನ್ನನ್ನು ನೋಡದೆ ಅಂಗಡಿಯ ಕೆಲಸದವನನ್ನು ನೋಡಿ ನಕ್ಕರು. "ಕೇಳುದ್ಯೇನ್ಲಾ? ಊರ್ಗೆಲ್ಲ ಗೇಟ್ ನಿಲ್ಸಿರೋನ್ಗೆ ನಮ್ ತಮ್ಮನ್ ಎಂಡ್ರು ನಿಲ್ಸೋದ ಯೋಳ್ಕೊಡ್ತಾವ್ಳೆ. ನೀ ಓಗವ್ವ, ಒಳಗೆ ಕಾಪಿ ಕುಡ್ಕಂಡ್ ಬಾ."

ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಗೇಟಿಗೆ ಹಾಕುವ ದಪ್ಪ ಕಬ್ಬಿಣದ ಪಟ್ಟಿ. ಅದರ ಮೇಲೆ ಸಮಾಸಮ ದೂರಕ್ಕೆ ಒಂಬತ್ತು ಸರಳಿನ ತುಂಡುಗಳು, ಒಂದೊಂದಕ್ಕೆ ಒಂದೊಂದು ತಲೆ ಸಿಕ್ಕಿಸಲು. ಭುಜದ ಮೇಲೆ ಕೂರಲು ಎರಡು ಎಲ್ ಆಕಾರದ ಕ್ಲಾಂಪು, ಅವಕ್ಕೆ ಬೋಲ್ಟು. ಸೊಂಟಕ್ಕೆ ಏನೂ ಇಲ್ಲ. ನಾನು ಇನ್ನೊಂದು ಸಲ ಬಾಯಿ ತೆರೆದೆ. ನನ್ನ ಜೊತೆ ಬಂದು ಅಲ್ಲೇ ನಿಂತಿದ್ದ ಇವರು, ಎಂದರೆ ನನ್ನ ಯಜಮಾನರು, "ಅಣ್ಣನ್ಗೆ ಗೊತ್ತಿಲ್ವಾ, ಸುಮ್ಕಿರು" ಎಂದು ಕಣ್ಣು ಬಿಟ್ಟರು. ನಾನು ಕಟ್ಟನ್ನು ಎತ್ತಿಕೊಂಡು ಬಸ್ಸಿಗೆ ನಡೆದೆ.

ಮೊದಲ ಪ್ರದರ್ಶನ ಯಳಂದೂರಿನಲ್ಲಿ. ನನ್ನ ತವರು ಅಲ್ಲಿಗೆ ಹತ್ತಿರದ ಅಗರ. ಅವ್ವ ಬಂದಿದ್ದಳು, ಅಣ್ಣ ಬಂದಿದ್ದ, ಅಣ್ಣನ ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರವಿತ್ತು. ನಮ್ಮ ಕಡೆಯ ನಾಟಕಗಳಲ್ಲಿ ಇದೊಂದು ಪದ್ಧತಿ. ಪಾತ್ರಧಾರಿಯ ಮನೆಯವರು ಆಟದ ನಡುವೆಯೇ ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಯುದ್ಧವಿರಲಿ, ಸಾವಿರಲಿ, ಕತೆ ಅಲ್ಲಿಗೆ ನಿಲ್ಲುತ್ತದೆ. ಮೇಷ್ಟ್ರು ಮೈಕಿನಲ್ಲಿ ಇಂಥ ಊರಿನ ಇಂಥವರು ಎಂದು ಕೂಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಆಮೇಲೆ ಸತ್ತವನು ಮತ್ತೆ ಸಾಯುತ್ತಾನೆ. ಅಣ್ಣ ನನ್ನ ಎರಡನೇ ದೃಶ್ಯಕ್ಕೆ ಹತ್ತುವುದೆಂದು ಮಾತಾಗಿತ್ತು.

ಎರಡನೇ ದೃಶ್ಯದವರೆಗೆ ಆ ಕಟ್ಟು ಬಾಳಲಿಲ್ಲ. ನಾನು ಸಿಂಹಾಸನದಿಂದ ಎದ್ದು, ಮೀಸೆ ತಿರುವಿ, ಗಹಗಹಿಸಿ ನಗಬೇಕಿತ್ತು. ನಕ್ಕೆ. ಎದೆ ಅಲುಗಿದ್ದೇ ತಡ, ಐದು ತಲೆಯ ಕಡೆ ಪಟ್ಟಿ ಕೆಳಕ್ಕೆ ಜಗ್ಗಿತು. ಎಡಭುಜದ ಕ್ಲಾಂಪು ಜಾರಿ ತೋಳಿಗೆ ಬಂತು, ಬಲಗಡೆಯ ನಾಲ್ಕು ತಲೆಗಳು ಆಕಾಶ ನೋಡಿದವು. ತುದಿಯಲ್ಲಿದ್ದ ನಿದ್ದೆಗಣ್ಣಿನವನು ಸರಳಿನಿಂದ ಕಳಚಿ, ರಂಗದ ಮೇಲೆ ಉರುಳಿ, ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಗೆ ಹೋಗಿ ಬಡಿದ. ನನ್ನ ಕುತ್ತಿಗೆಯ ಚರ್ಮ ಕಬ್ಬಿಣದ ಅಂಚಿಗೆ ಸಿಕ್ಕಿ ಕಿತ್ತು ಬಂದಿತ್ತು. ಆ ಉರಿ ಆಗ ನನಗೆ ತಿಳಿಯಲೇ ಇಲ್ಲ, ಜನ ಅಷ್ಟು ನಗುತ್ತಿದ್ದರು.

ಪರದೆ ಎಳೆದರು. ಪರದೆಯ ಈಚೆ ನಾನು ತಲೆಗಳನ್ನು ಆರಿಸಿಕೊಳ್ಳುತ್ತಿದ್ದೆ, ಆಚೆ ಮೊದಲ ಸಾಲಿನಲ್ಲಿ ಭಾವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ನಾ ಸರ್ಯಾಗೇ ಮಾಡ್ಕೊಟ್ಟಿವ್ನಿ ಕಣ್ರಪ್ಪಾ. ಇವ್ಳೇ ತಲೆಗಳ ಒಂದ್ ದಪ್ಪ ಒಂದ್ ಸಣ್ಣ ಮಾಡವ್ಳೆ. ಮುದ್ದೆ ಕಟ್ಟೋರು ಮುದ್ದೆ ಕಟ್ಕಂಡಿರ್ಬೇಕು. ರಾಕ್ಷಸನ್ ತಲೆ ಕಟ್ಟಕೋದ್ರೆ ಇಂಗೇಯ ಆಗದು."

ಜನ ಮತ್ತೆ ನಕ್ಕರು. ಪರದೆಯ ಸಂದಿಯಿಂದ ನೋಡಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದಳು. ಅಣ್ಣ ಹಾರವನ್ನು ಕುರ್ಚಿಯ ಮೇಲಿಟ್ಟು, ಅವ್ವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟುಹೋದ. ಅವನಿಗೆ ಕೋಪ ಬಂದಿರಲಿಲ್ಲ, ನಾಚಿಕೆಯಾಗಿತ್ತು. ನನ್ನ ತವರಿಗೆ ನನ್ನಿಂದ ನಾಚಿಕೆಯಾದದ್ದು ಅದೇ ಮೊದಲು. ಉಳಿದ ನಾಟಕವನ್ನು ನಾನು ಒಂದೇ ತಲೆಯಲ್ಲಿ ಆಡಿ ಮುಗಿಸಿದೆ.

ಆಮೇಲೆ ಆ ಮುದ್ದೆಯ ಮಾತು ನನಗಿಂತ ಮುಂಚೆ ಊರೂರು ತಿರುಗಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಕೇಳಿದಳು, "ಏನಕ್ಕಾ, ತಲೆ ಬಿದ್ದೋಯ್ತಂತೆ?" ಬ್ಲೌಸಿನ ಅಳತೆ ಕೊಡಲು ಬಂದವರು, "ಸರ್ಯಾಗಿ ನೋಡಕ್ಕ, ಒಂದ್ ತೋಳು ದಪ್ಪ ಒಂದ್ ತೋಳು ಸಣ್ಣ ಆದಾತು" ಎಂದು ನಗತೊಡಗಿದರು. ನನ್ನ ಕೈಯ ಕೆಲಸದ ಮೇಲೆ ಅಂಥ ಮಾತು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಭಾವ ಮಾಡಿದ ತಪ್ಪನ್ನು ನನ್ನ ತಲೆಗೆ ಕಟ್ಟಿ, ಅದೂ ನನ್ನ ತವರಿನವರ ಎದುರು ಕಟ್ಟಿ, ಆರಾಮಾಗಿ ಹನೂರಿಗೆ ಹೋಗಿ ಗೇಟು ಮಾಡುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಹೊಲಿಗೆ ಮಿಷನ್ನಿನ ಪೆಡಲು ತುಳಿಯುವಾಗಲೆಲ್ಲ ಭಾವನ ಮುಖವೇ ಕಾಲಡಿ ಬರುತ್ತಿತ್ತು. ತುಳಿಯುತ್ತಿದ್ದೆ.

ಇನ್ನೊಬ್ಬರ ಕೈಯಲ್ಲಿ ಮಾಡಿಸಿದರೆ ಆ ಬೆಂಕಿ ಆರುವುದಿಲ್ಲವೆಂದು ಗೊತ್ತಿತ್ತು. ನಾನೇ ಮಾಡಬೇಕು, ಅದೇ ಒಂಬತ್ತು ತಲೆಗಳನ್ನು ನಿಲ್ಲಿಸಬೇಕು, ಹನೂರಿನಲ್ಲಿ ಭಾವನ ಊರಿನವರ ಎದುರೇ ನಿಲ್ಲಿಸಬೇಕು. ಅವ್ವನ ಕಿವಿಗೆ ಬಿದ್ದ ನಗು ಭಾವನ ಕಿವಿಗೂ ಬೀಳಬೇಕು. ಆ ದಿನಗಳಲ್ಲಿ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಲೋಹ ನನಗೆ ಹೊಸದು, ಮೈಯ ಅಳತೆ ಹೊಸದಲ್ಲ. ಬ್ಲೌಸಿನ ಬೆನ್ನನ್ನು ಕತ್ತರಿಸುವ ಹಾಗೆ ಮೊದಲು ರಟ್ಟಿನಲ್ಲಿ ಕತ್ತರಿಸಿದೆ. ಬೆನ್ನಿಗೆ ಒಂದು ಹಲಗೆ, ಅದರಿಂದ ಮೇಲೆದ್ದು ಭುಜದ ಮೇಲೆ ಬಾಗಿ ಬರುವ ಎರಡು ಪಟ್ಟಿ, ಕೆಳಗೆ ಸೊಂಟಕ್ಕೆ ಬೆಲ್ಟು. ಭಾರವೆಲ್ಲ ಸೊಂಟಕ್ಕೆ ಇಳಿಯಬೇಕು, ಭುಜ ಬರೀ ಆನಿಕೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಳೆ ಕಿತ್ತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಟ್ಟು ಮೈಗೆ ಸರಿಯಾಗಿ ಕೂತ ಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಅಲ್ಯೂಮಿನಿಯಂ ಪಟ್ಟಿ ತಂದೆ. ಕಬ್ಬಿಣವನ್ನು ಮುಟ್ಟಲೇ ಇಲ್ಲ.

ಗರಗಸದ ಬ್ಲೇಡು ಮೊದಮೊದಲು ಪಟ್ಟಿಗಿಂತ ನನ್ನ ಬೆರಳನ್ನೇ ಹೆಚ್ಚು ಕೊಯ್ದಿತು. ಪಟ್ಟಿ ಬಗ್ಗಿಸಲು ಹಿತ್ತಲಿನ ಒರಳುಕಲ್ಲಿನ ಅಂಚು ಸಿಕ್ಕಿತು. ಒಂದೇ ಏಟಿಗೆ ಬಗ್ಗಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಬಟ್ಟೆ ಸುತ್ತಿದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಇದು ಎರಡು ಪಟ್ಟಿ ಹಾಳಾದ ಮೇಲೆ ತಿಳಿಯಿತು. ಕೊರೆಯುವ ಮಿಷನ್ನನ್ನು ಪಕ್ಕದ ಮನೆಯ ಬಡಗಿಯಿಂದ ಕೇಳಿ ತಂದೆ. ನಾನು ತೂತು ಕೊರೆಯುವಾಗ ಪಟ್ಟಿಯ ಇನ್ನೊಂದು ತುದಿಯನ್ನು ಇವರು ಅದುಮಿ ಹಿಡಿಯುತ್ತಿದ್ದರು. ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರಾಗಿರುವ ಮನುಷ್ಯ, ಸಂಜೆ ಬಂದು ಪ್ಯಾಂಟು ಮಡಚಿ, ಪಾದದಿಂದ ಪಟ್ಟಿ ಒತ್ತಿಕೊಂಡು ಕೂರುತ್ತಿದ್ದರು. ಲೋಹದ ಚೂರು ಹಾರಿ ಅವರ ಹಿಮ್ಮಡಿಗೆ ಚುಚ್ಚಿದಾಗ ಸೂಜಿಯಿಂದ ತೆಗೆದವಳೂ ನಾನೇ. "ನೀ ಬುಡಲ್ಲ ಕಣೆ ಇದ" ಎಂದು ನಗುತ್ತಿದ್ದರು. ಆ ನಗುವನ್ನು ನಾನು ಮೆಚ್ಚುಗೆಯೆಂದು ತಿಳಿದಿದ್ದೆ.

ತೂಕ ಸರಿ ಮಾಡಿದ್ದು ಹೀಗೆ. ತಲೆಗಳನ್ನು ಸಿಕ್ಕಿಸಿದ ಅಡ್ಡಪಟ್ಟಿಯನ್ನು ನಡುವಿಗೆ ಹಗ್ಗ ಕಟ್ಟಿ, ತೊಟ್ಟಿಲು ತೂಗುವ ಕೊಂಡಿಗೆ ನೇತುಹಾಕಿದೆ. ತಕ್ಕಡಿಯ ಹಾಗೆ ಐದು ತಲೆಯ ಕಡೆ ವಾಲಿತು. ಆ ಐದನ್ನು ನಡುವಿನ ಹತ್ತಿರಕ್ಕೆ ಒತ್ತೊತ್ತಾಗಿ ಸರಿಸಿದೆ, ನಾಲ್ಕನ್ನು ದೂರ ದೂರ ನಿಲ್ಲಿಸಿ, ಅವುಗಳ ಕಿರೀಟವನ್ನು ಸ್ವಲ್ಪ ಅಗಲ ಮಾಡಿದೆ. ನೋಡುವವರಿಗೆ ಎರಡೂ ಕಡೆ ಒಂದೇ ಸಮ ಕಾಣಬೇಕು. ಪಟ್ಟಿ ನೆಟ್ಟಗಾಗುವವರೆಗೆ ಸರಿಸುತ್ತಲೇ ಇದ್ದೆ. ಕೊನೆಗೊಂದು ದಿನ ಅದು ಅಲುಗದೆ ನಿಂತಿತು. ಕಿಟಕಿಯಿಂದ ಗಾಳಿ ಬಂದರೂ ವಾಲಲಿಲ್ಲ. ಭಾವನಿಗೆ ನಾನು ಹನೂರಿನ ಅಂಗಡಿಯಲ್ಲಿ ಹೇಳಿದ್ದು ಇಷ್ಟೇ ಆಗಿತ್ತು.

ಉಳಿದದ್ದು ಒಂದು ತೊಂದರೆ. ಒಂಬತ್ತು ತಲೆ ಹೊತ್ತುಕೊಂಡು ಬಸ್ಸು ಹತ್ತಲಾಗುವುದಿಲ್ಲ, ಬಚ್ಚಲಿಗೂ ಹೋಗಲಾಗುವುದಿಲ್ಲ. ಅದಕ್ಕೆ ಕಟ್ಟನ್ನು ಎರಡು ಭಾಗ ಮಾಡಿದೆ. ಬೆನ್ನಿನ ಹಲಗೆ ಮೈಮೇಲೆ ಬಟ್ಟೆಯ ಒಳಗೇ ಇರುತ್ತದೆ, ತಲೆಗಳ ಅಡ್ಡಪಟ್ಟಿಯ ಎರಡು ಕಾಲುಗಳು ಅದರ ಮೇಲಿನ ಎರಡು ಗೂಡುಗಳಿಗೆ ಹೊಕ್ಕು ನಡುವಿನವರೆಗೆ ಇಳಿಯುತ್ತವೆ. ಇಳಿದದ್ದು ಮೇಲೇಳದಂತೆ ಒಂದು ಕಡಾಣಿ. ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ಸಿಕ್ಕಿಸುತ್ತಾರಲ್ಲ, ಆ ಕೀಲಿನಂಥದೇ ಒಂದು ಪುಟ್ಟ ಕೀಲು. ಅದನ್ನು ಬೆನ್ನಿನ ಕೆಳಗೆ, ನಡುಪಟ್ಟಿಯ ಮಡಿಕೆಯೊಳಗೆ, ನನ್ನ ಎಡಗೈಗೆ ಮಾತ್ರ ಎಟುಕುವ ಜಾಗದಲ್ಲಿ ಇಟ್ಟೆ. ಹೊರಗಿನಿಂದ ಒಂದು ಬೋಲ್ಟೂ ಕಾಣುತ್ತಿರಲಿಲ್ಲ.

ಮಧುವನಹಳ್ಳಿಯಲ್ಲಿ ಮೊದಲ ಸಲ ಇದನ್ನು ಕಟ್ಟಿಕೊಂಡು ಆಡಿದೆ. ನಕ್ಕೆ, ಗರ್ಜಿಸಿದೆ, ಯುದ್ಧದಲ್ಲಿ ಸುತ್ತು ತಿರುಗಿದೆ. ಒಂಬತ್ತೂ ತಲೆ ನೆಟ್ಟಗೆ ನನ್ನ ಜೊತೆ ತಿರುಗಿದವು. ಆಟ ಮುಗಿದ ಮೇಲೆ ಹೆಂಗಸರು ಬಂದು ತಲೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಒಬ್ಬಳು ಕೇಳಿದಳು, "ಸಂದಾಗ್ ಮಾಡವ್ರೆ ಕಣಕ್ಕ. ನಿಮ್ ಭಾವನೋರಲ್ವಾ ಮಾಡಿರದು?" ನಾನು ಅಲ್ಲವೆಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಆ ಕ್ಷಣಕ್ಕೆ ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ, ಮುಂದಿನ ನಾಟಕ ಹನೂರಿನಲ್ಲೇ ಆಗಬೇಕೆಂದು ಮೇಷ್ಟ್ರ ಬೆನ್ನು ಹತ್ತಿದೆ. ಇವರಿಗೆ ಅದು ಹಿಡಿಸಲಿಲ್ಲ. "ಅಲ್ಲೇ ಯಾಕೆ, ಬ್ಯಾರೆ ಊರಿಲ್ವಾ?" ಎಂದರು. ನಾನು ಹೋಗಿ ದಿನ ಗೊತ್ತು ಮಾಡಿಸಿಕೊಂಡು ಬಂದೆ.

ಹನೂರಿನ ಸಮುದಾಯ ಭವನ ತುಂಬಿತ್ತು. ಭಾವ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಇವರು ಅವರ ಹಿಂದೆ, ಎರಡನೇ ಸಾಲಿನಲ್ಲಿ. ನಾನು ಸಿಂಹಾಸನದಿಂದ ಎದ್ದು ಭಾವನನ್ನೇ ದಿಟ್ಟಿಸಿ ನಕ್ಕೆ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಉದ್ದ ನಕ್ಕೆ. ಒಂದು ತಲೆಯೂ ಮಿಸುಕಲಿಲ್ಲ. ಭವನದಲ್ಲಿ ಚಪ್ಪಾಳೆ ಬಿತ್ತು. ಭಾವನ ಮುಖ ಬಾಡುತ್ತದೆಂದು ಕಾದೆ. ಬಾಡಲಿಲ್ಲ. ಅವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾ, ಅಕ್ಕಪಕ್ಕದವರ ಕಡೆ ತಲೆಯಾಡಿಸುತ್ತಿದ್ದರು. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಎರಡನೇ ದೃಶ್ಯದಲ್ಲಿ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಮೈಕು ಎಳೆದುಕೊಂಡರು. "ಪ್ರೇಕ್ಷಕ ಮಹಾಶಯರೇ, ಈ ಹತ್ತು ತಲೆಗಳನ್ನು ಎತ್ತಿ ಹಿಡಿದಿರುವಂಥ ಕಬ್ಬಿಣದ ಸಲಕರಣೆಯನ್ನು ಬಹಳ ಪರಿಶ್ರಮದಿಂದ ತಯಾರಿಸಿಕೊಟ್ಟಂಥ, ಇದೇ ಹನೂರಿನವರಾದಂಥ..." ಎಂದು ಭಾವನ ಹೆಸರನ್ನು ಕೂಗಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಂದು ಸಲ ಅವರಿಗೆ ಸನ್ಮಾನ ಮಾಡಿದಂತಾಗುತ್ತದೆ.

ನಾನು ಕತ್ತಿ ಹಿಡಿದವಳು ಹಿಡಿದಂತೆಯೇ ನಿಂತೆ. ಕೆಟ್ಟಾಗ ನನ್ನದಾಗಿದ್ದ ಕೆಲಸ, ಚೆನ್ನಾದಾಗ ಭಾವನದಾಗಿತ್ತು. ಭಾವ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಬೇಡ ಎನ್ನುವ ಹಾಗೆ ಒಂದು ಕೈ ಅಲ್ಲಾಡಿಸುತ್ತಿದ್ದರು, ಇನ್ನೊಂದು ಕೈಯಲ್ಲಿ ಗುಲಾಬಿ ಹಾರ. ಮೇಷ್ಟ್ರು ಅವರಿಗೆ ಶಾಲು ಹೊದಿಸಿದರು. ಭಾವ ಶಾಲು ಸರಿಮಾಡಿಕೊಂಡು, ಕೈಮುಗಿದು, ನನ್ನ ಕಡೆ ತಿರುಗಿ ಹಾರವನ್ನು ನನ್ನ ಕೈಗೆ ಚಾಚಿದರು. ಹತ್ತು ತಲೆಯವರಿಗೆ ಹಾರವನ್ನು ಕೈಗೆ ಕೊಡುವುದೇ ರೂಢಿ, ಕುತ್ತಿಗೆಗೆ ಹಾಕಲು ದಾರಿಯಿಲ್ಲ.

ನಾನು ಕೈ ಚಾಚಲಿಲ್ಲ. ನಡುವೆ ಮೈಕಿತ್ತು. ಅದು ಇದ್ದದ್ದು ಒಳ್ಳೆಯದೇ ಆಯಿತು.

"ಕೈಗ್ಯಾಕೆ ಕೊಡ್ತೀರಿ ಭಾವ? ಮನೆಯೋರು ನೀವು. ಕುತ್ಗೆಗೇ ಆಕಿ."

"ತಲೆ ಅಡ್ಡ ಅವಲ್ಲವ್ವಾ" ಎಂದು ಭಾವ ನಕ್ಕರು.

"ಬಿಚ್ಚಿ ಮಡುಗಿ, ಆಮೇಲ್ ಆಕಿ. ಮಾಡ್ದೋರು ನೀವೇ. ಬಿಚ್ಚದು ನಿಮ್ಗಲ್ದೆ ಇನ್ಯಾರ್ಗೆ ಗೊತ್ತು?"

ಎಂದವಳೇ ಕತ್ತಿಯನ್ನು ಸಿಂಹಾಸನದ ಮೇಲಿಟ್ಟು ಬೆನ್ನು ತಿರುಗಿಸಿ ನಿಂತೆ. ಹಿಂದಿನಿಂದ ಯಾರೋ "ಬಿಚ್ಚಿ ಆಕಿ, ಕುತ್ಗೆಗೇ ಆಕಿ!" ಎಂದು ಕೂಗಿದರು. ಇನ್ನು ಭಾವನಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ.

ಭಾವನ ಕೈ ಮೊದಲು ನನ್ನ ಭುಜಕ್ಕೆ ಬಂತು. ಅಲ್ಲಿ ಅವರು ಹಿಂದೆ ಬೋಲ್ಟು ಹಾಕಿದ್ದರು. ಈಗ ಬರೀ ಜರಿಯ ಬಟ್ಟೆ. ಎಡಭುಜ ತಡವಿದರು, ಬಲಭುಜ ತಡವಿದರು, ಪಟ್ಟಿಯ ಹಿಂದೆ ಬೆರಳು ಹಾಕಿ ಹುಡುಕಿದರು. ಆಮೇಲೆ ಪಟ್ಟಿಯನ್ನೇ ಹಿಡಿದು ಮೇಲಕ್ಕೆ ಎಳೆದರು. ಕಡಾಣಿ ಬಿಡಲಿಲ್ಲ. ನಾನು ಹಿಮ್ಮಡಿ ಊರಿ ಗಟ್ಟಿಯಾಗಿ ನಿಂತಿದ್ದೆ. ಭವನದಲ್ಲಿ ಗುಸುಗುಸು ಶುರುವಾಯಿತು.

"ಸ್ಪ್ಯಾನರ್ ಬೇಕು" ಎಂದರು ಭಾವ, ಮೆಲ್ಲಗೆ. ಮೈಕು ಅದನ್ನೂ ಹಿಡಿಯಿತು.

"ಸ್ಪ್ಯಾನರ್ ಬ್ಯಾಡ ಭಾವ ಇದ್ಕೆ. ಆತುರ ಇಲ್ಲ, ನಿಧಾನಕ್ ನೋಡಿ."

ಕೊನೆಯ ಸಾಲಿನಿಂದ ಒಬ್ಬ ಎದ್ದು ನಿಂತ. "ಏನ್ ಯಜಮಾನ್ರೇ, ನೀವ್ ಆಕಿದ್ ಬೀಗ ನಿಮ್ಗೇ ತಗ್ಯಕ್ ಬರ್ನಿಲ್ವಾ?" ಎಂದ. ಭವನವೆಲ್ಲ ಗೊಳ್ಳೆಂದಿತು. ಯಳಂದೂರಿನಲ್ಲಿ ಕೇಳಿದ ನಗುವೇ. ಭಾವನ ಬೆರಳುಗಳು ನನ್ನ ಬೆನ್ನ ಮೇಲೆ ಇನ್ನೂ ಬೋಲ್ಟು ಹುಡುಕುತ್ತಿದ್ದವು, ಬೆವರಿನ ವಾಸನೆ ಬರುತ್ತಿತ್ತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಪಾಪ ಅನ್ನಿಸಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅವ್ವ ಸೆರಗು ಬಾಯಿಗೊತ್ತಿಕೊಂಡಾಗ ಯಾರಿಗೂ ಪಾಪ ಅನ್ನಿಸಿರಲಿಲ್ಲ.

"ಭಾವ, ಇದ್ಯಾವ ಲೋಹ, ಅದ್ನಾರ ಯೋಳಿ" ಎಂದೆ.

"ಕಬ್ಬಿಣ" ಎಂದರು.

"ಕಬ್ಬಿಣಾನಾ? ಇಷ್ಟ್ ಅಗುರಾಗಿರ್ತದಾ ಕಬ್ಬಿಣ?" ಎನ್ನುತ್ತಲೇ ಎಡಗೈಯನ್ನು ನಡುಪಟ್ಟಿಯೊಳಗೆ ಹಾಕಿ ಕಡಾಣಿ ಎಳೆದೆ, ಬಲಗೈಯಿಂದ ಅಡ್ಡಪಟ್ಟಿಯನ್ನು ಎತ್ತಿದೆ. ಒಂಬತ್ತು ತಲೆಗಳೂ ಒಟ್ಟಿಗೆ ಒಂದೇ ಕೈಯಲ್ಲಿ ಬಂದವು. ಅವನ್ನು ಜನರಿಗೆ ತೋರಿಸಿ ನೆಲಕ್ಕಿಟ್ಟು, ಭಾವನ ಎದುರು ಕುತ್ತಿಗೆ ಬಗ್ಗಿಸಿದೆ. "ಈಗ ಆಕಿ."

ಹಾಕಿದರು. ಹಾರ ನನ್ನ ಒಂದು ಕಿವಿಗೆ ಸಿಕ್ಕಿಕೊಂಡಿತು, ಸರಿಮಾಡಲೂ ಅವರ ಕೈಯಲ್ಲಿ ಆಗಲಿಲ್ಲ. ನಾನೇ ಸರಿಮಾಡಿಕೊಂಡು ಮೈಕಿಗೆ ಬಾಯಿ ಇಟ್ಟು ಹೇಳಿದೆ, "ಇದ ಮಾಡಿರೋಳು ನಾನು. ಕುಯ್ದಿರೋಳೂ ನಾನೇ, ಬಗ್ಸಿರೋಳೂ ನಾನೇ, ತೂತ್ ಕೊರ್ದಿರೋಳೂ ನಾನೇ. ಮುದ್ದೆ ಕಟ್ಟೋ ಕೈಲೇ ಮಾಡಿವ್ನಿ."

ಹೆಂಗಸರು ಕುಳಿತಿದ್ದ ಕಡೆಯಿಂದ ಶಿಳ್ಳೆ ಬಂತು. ಭಾವ ಶಾಲನ್ನು ಭುಜದಿಂದ ತೆಗೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಮೆಟ್ಟಿಲಿಳಿದರು. ಇಲ್ಲಿಗೆ ಮುಗಿದಿದ್ದರೆ ನಾನು ತಣ್ಣಗೆ ಮನೆಗೆ ಹೋಗುತ್ತಿದ್ದೆ.

ಮೇಷ್ಟ್ರಿಗೆ ಅವಮಾನವಾದಂತಾಗಿತ್ತು. ತಪ್ಪು ತಮ್ಮ ಮೇಲೆ ಬರುತ್ತದೆಂದು ಹೆದರಿದ ಮನುಷ್ಯ, ಮೈಕು ಆರಿಸಬೇಕೆಂಬುದನ್ನೂ ಮರೆತು, "ನನ್ನ ಅನ್ಬ್ಯಾಡ ಕಣವ್ವಾ. ನಂಗೇನ್ ಗೊತ್ತು? ನಿಮ್ಮೆಜಮಾನ್ರೇ ಒಳಿಕ್ ಬಂದು, ಮಾಡ್ಕೊಟ್ಟೋರು ನಮ್ಮಣ್ಣ, ಅವ್ರೆಸ್ರ ಕೂಗಿ ಅಂದ್ರಲ್ಲಾ" ಎಂದರು.

ಭವನವೆಲ್ಲ ಆ ಮಾತನ್ನು ಕೇಳಿತು. ನಾನು ಎರಡನೇ ಸಾಲಿನ ಕಡೆ ನೋಡಿದೆ. ಇವರು ಬಗ್ಗಿ, ಚಪ್ಪಲಿಯ ಉಂಗುಷ್ಟ ಸರಿಮಾಡುವವರ ಹಾಗೆ, ತಲೆ ಎತ್ತದೆ ಕುಳಿತಿದ್ದರು. ಪಟ್ಟಿಯ ಆ ತುದಿಯನ್ನು ಹಿಡಿದಿದ್ದವರು. ನನ್ನ ಬೆರಳಿಗೆ ಬ್ಯಾಂಡೇಜು ಸುತ್ತಿದ್ದವರು. ಇದನ್ನು ಯಾರು ಮಾಡಿದರೆಂದು ಭೂಮಿಯ ಮೇಲೆ ನನ್ನಷ್ಟೇ ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬ ಮನುಷ್ಯ.

ನಾನು ತಲೆಗಳನ್ನು ಎತ್ತಿ ಗೂಡಿಗೆ ಇಳಿಸಿ, ಕಡಾಣಿ ಸಿಕ್ಕಿಸಿ, ನಿಲ್ಲಿಸಿದಲ್ಲಿಂದ ಮಾತು ಎತ್ತಿಕೊಂಡೆ. ಆವತ್ತಿನಷ್ಟು ಚೆನ್ನಾಗಿ ನಾನು ಎಂದೂ ಆಡಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆಡಿದ ಒಂದು ಮಾತೂ ನನಗೆ ನೆನಪಿಲ್ಲ.

ಬಸ್ಸಿನಲ್ಲಿ ಇವರು ತಲೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕುಳಿತರು. ಟಿಕೆಟ್ಟನ್ನು ಜೇಬಿಗೆ ಹಾಕುತ್ತಾ ಹೇಳಿದರು. "ಅವ್ರೂರು ಅಂತ ಯೋಳ್ದೆ ಕಣೆ. ಯಳಂದೂರ್ ಮಾತ್ನ ಮನ್ಸಲ್ಲಿಟ್ಕಂಡು ನೀನೂ ಅಣ್ಣಾನೂ ಸಾಯಗಂಟ ಮೊಕ ತಿರುಗ್ಸ್ಕಂಡ್ ಇರ್ತೀರಿ ಅಂತ. ಒಂದ್ ಎಸ್ರು, ಅದ್ರಲ್ಲಿ ನೀ ಏನ್ ಕಳ್ಕತಿದ್ದೆ?"

"ನಿಮ್ಗೆ ಗೊತ್ತಿರ್ನಿಲ್ವಾ ಯಾರ್ ಮಾಡಿದ್ದು ಅಂತ?"

"ಗೊತ್ತಿತ್ತು."

"ಗೊತ್ತಿಲ್ದೆ ಮಾಡಿದ್ರೆ ಬುಟ್ಬುಡ್ತಿದ್ದೆ" ಎಂದೆ. ಕೊಳ್ಳೇಗಾಲದಲ್ಲಿ ಇಳಿಯುವಾಗ ಚೀಲವನ್ನು ಅವರ ತೊಡೆಯಿಂದ ನಾನೇ ಎತ್ತಿಕೊಂಡೆ.

ಭಾವನ ಮೇಲಿನ ಸೇಡು ಆವತ್ತೇ ತೀರಿತು. ಈಗ ಅವರು ಎದುರು ಸಿಕ್ಕರೆ ಕಾಫಿ ಕೊಡುತ್ತೇನೆ, ಅವರೂ ಕುಡಿದು ಹೋಗುತ್ತಾರೆ. ಅಗರದಿಂದ ಅಣ್ಣ ಬಂದು ಇನ್ನೊಂದು ಊರಿನ ನಾಟಕದಲ್ಲಿ ಹಾರವನ್ನೂ ಹಾಕಿದ, ಅವ್ವ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಇವರಂತೂ ಈಗ ಸಿಕ್ಕವರಿಗೆಲ್ಲ, ನಾನು ಕೇಳದಿದ್ದರೂ, "ನಮ್ಮೋಳೇ ಮಾಡಿದ್ದು, ನಾ ಬರೀ ಇಡ್ಕಂಡಿದ್ದೆ" ಎನ್ನುತ್ತಾರೆ. ಹೇಳಿ ನನ್ನ ಮುಖ ನೋಡುತ್ತಾರೆ.

ಪ್ರತಿ ನಾಟಕದ ಮೊದಲು ಮೇಷ್ಟ್ರು ಬಂದು ಯಾರ ಯಾರ ಹೆಸರು ಕೂಗಬೇಕೆಂದು ಕೇಳುತ್ತಾರೆ. ಹನೂರಿನ ನಂತರ ಅವರು ನನ್ನನ್ನು ಕೇಳದೆ ಏನೂ ಕೂಗುವುದಿಲ್ಲ. ನಾನು ಮಿಷನ್ನು ಕೊಟ್ಟ ಬಡಗಿಯ ಹೆಸರು ಹೇಳುತ್ತೇನೆ, ಪೇಪರು ಕೊಟ್ಟ ಕಿರಾಣಿ ಅಂಗಡಿಯವರ ಹೆಸರು ಹೇಳುತ್ತೇನೆ, ಬಣ್ಣ ಬಳಿಯಲು ಕೈಜೋಡಿಸಿದ ಪಕ್ಕದ ಮನೆಯ ಅಜ್ಜಿಯನ್ನೂ ಬಿಡುವುದಿಲ್ಲ. "ನಿಮ್ಮೆಜಮಾನ್ರೂ ಕೈ ಆಕಿದ್ರಂತಲ್ಲವ್ವಾ, ಅವ್ರೆಸ್ರ ಸೇರಿಸ್ಲಾ?" ಎಂದು ಅವರು ಪ್ರತಿ ಸಲವೂ ಕೇಳುತ್ತಾರೆ. ಬೇಡ ಎನ್ನುತ್ತೇನೆ. ಇವರು ಒಂದು ನಾಟಕವನ್ನೂ ತಪ್ಪಿಸದೆ ಬಂದು, ಎರಡನೇ ಸಾಲಿನಲ್ಲಿ ಕುಳಿತು, ಮೈಕಿನಲ್ಲಿ ಎಲ್ಲರ ಹೆಸರೂ ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಾರೆ.